ತಂತಿ ಹಿಡಿದ ಮೇಣ

ಅಕ್ಕನನ್ನು ನಾನು ತುಂಬಾ ಪ್ರೀತಿಸುತ್ತಿದ್ದೆ ಎಂದು ಬರೆದರೆ ಮೊದಲು ನಗುವವಳು ಅವಳೇ. ಎಚ್.ಡಿ. ಕೋಟೆಯ ಬಾಡಿಗೆ ಮನೆಯೊಂದರಲ್ಲಿ ನಾವಿಬ್ಬರೂ ಏಳು ವರ್ಷ ಒಟ್ಟಿಗೆ ಇದ್ದೆವು. ಅವಳು ಮದುವೆಯಾಗದೆ ಉಳಿದವಳು. ನಾನು ಮದುವೆಯಾಗಿ ಮೂರೇ ವರ್ಷಕ್ಕೆ ಸೂಟ್‌ಕೇಸ್ ಹಿಡಿದು ಹಿಂದಿರುಗಿದವಳು. ನಮ್ಮ ನಡುವೆ ಆಸ್ತಿ ಜಗಳವಿರಲಿಲ್ಲ. ಇದ್ದಿದ್ದರೆ ಕೋರ್ಟಿನಲ್ಲಾದರೂ ಒಂದು ದಿನ ಮುಗಿಯುತ್ತಿತ್ತು. ನಮ್ಮದು ಕಾರಣವಿಲ್ಲದ ಜಗಳ. ಅವಳು ಲೋಟ ಇಡುವ ಸದ್ದು ನನಗಾಗದು, ನಾನು ಚಪ್ಪಲಿ ಬಿಡುವ ಜಾಗ ಅವಳಿಗಾಗದು.

ಅಕ್ಕ ಆರೋಗ್ಯ ಉಪಕೇಂದ್ರದ ನರ್ಸಮ್ಮ. ಎನ್. ಬೇಗೂರಿನ ಕಡೆಯ ಗಿರಿಜನರ ಹಾಡಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ರಕ್ತ ನೋಡುವುದು ಅವಳ ಕೆಲಸ. ನಾನು ಹುಣಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳುತ್ತಿದ್ದೆ. ಜೊತೆಗೆ ಮೈಸೂರಿನ ಕಾಲೇಜೊಂದರಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆ. ಆ ಪಿಎಚ್.ಡಿ. ನಮ್ಮ ಮನೆಗೆ ಬಂದ ಮೂರನೆಯ ಹೆಂಗಸು. ಅವಳಿಗೂ ಅಕ್ಕನಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ.

ನನ್ನ ವಿಷಯವನ್ನು ಸರಳವಾಗಿ ಹೇಳಬಹುದು, ಆದರೆ ಆಗ ಯಾರಿಗೂ ಸರಳವಾಗಿ ಹೇಳಲು ನನಗೆ ಇಷ್ಟವಿರಲಿಲ್ಲ. ಮುಷ್ಟಿ ಗಾತ್ರದ ಪ್ಲಾಸ್ಟಿಕ್ ಚೆಂಡುಗಳೊಳಗೆ ಮೇಣ ತುಂಬಿ ಮುಚ್ಚಬೇಕು. ಅಂಥ ಚೆಂಡುಗಳನ್ನು ಸೋಲಾರ್ ನೀರಿನ ಟ್ಯಾಂಕಿನೊಳಗೆ ಪೇರಿಸಿಡಬೇಕು. ಹಗಲು ಬಿಸಿನೀರು ಅವುಗಳ ಸಂದಿಯಲ್ಲಿ ಹರಿದಾಗ ಮೇಣ ಕರಗಿ ಶಾಖವನ್ನು ನುಂಗಿಕೊಳ್ಳುತ್ತದೆ. ಬೆಳಗಿನ ಚಳಿಗೆ ಮತ್ತೆ ಗಟ್ಟಿಯಾಗುವಾಗ ನುಂಗಿದ್ದನ್ನು ನೀರಿಗೆ ಹಿಂತಿರುಗಿಸುತ್ತದೆ. ಅಂಥ ಒಂದು ಚೆಂಡಿನೊಳಗೆ ಮೇಣ ಹೇಗೆ ಕರಗುತ್ತದೆ, ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು, ಅಂದರೆ ಸಿಮ್ಯುಲೇಶನ್ ಮಾಡುವುದು, ನನ್ನ ಪಾಲಿನ ಕೆಲಸ.

"ಬಿಸಿಗಿಟ್ರೆ ಮ್ಯಾಣ ಕರಗ್ತದೆ ಅಂತ ಕಂಡಿಡಿಯಕ್ಕೆ ಆರು ವರ್ಸ ಬೇಕಾಯ್ತೇನಮ್ಮಿ ನಿಂಗೆ?" ಎಂದು ಅಕ್ಕ ಕೇಳಿದ್ದಳು. ಅದೂ ಪಕ್ಕದ ಮನೆಯವರು ಕಾಫಿಗೆ ಬಂದು ಕೂತಿದ್ದಾಗ. ಅವರು ನಕ್ಕರು. ನಾನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ.

ಒಂದು ಭಾನುವಾರ ಅವಳು ಮಿಕ್ಸಿ ಹಾಕಲು ನನ್ನ ಲ್ಯಾಪ್‌ಟಾಪಿನ ಪ್ಲಗ್ ಕಿತ್ತಳು. ಅದರ ಬ್ಯಾಟರಿ ಎಂದೋ ಸತ್ತಿತ್ತು. ಮೂರು ದಿನದಿಂದ ಓಡುತ್ತಿದ್ದ ಲೆಕ್ಕ ಒಂದು ಕಾಯಿ ಚಟ್ನಿಗೆ ಬಲಿಯಾಯಿತು. ನಾನು ಕೂಗಾಡಿದೆ. "ಮೂರು ದಿನ ಬೇಕಾ ಒಂದ್ ಲೆಕ್ಕಕ್ಕೆ? ನಾಕನೇ ಕ್ಲಾಸು ಐಕ್ಳು ಇದುಕ್ಕಿಂತ ಬಿರ್ನೆ ಮಾಡ್ತವೆ ಬುಡು," ಎಂದು ಅವಳು ಚಟ್ನಿಗೆ ಒಗ್ಗರಣೆ ಹಾಕಿದಳು. ನಾನೇನೂ ಕಡಿಮೆಯವಳಲ್ಲ. ಆ ವಾರ ನಲ್ಲಿಯಲ್ಲಿ ನೀರು ಬರುವ ದಿನ ಬದಲಾಗಿದೆ ಎಂದು ವಾಟರ್‌ಮ್ಯಾನ್ ನನಗೆ ಹೇಳಿ ಹೋದದ್ದನ್ನು ಅವಳಿಗೆ ಹೇಳಲಿಲ್ಲ. ನನ್ನ ಎರಡು ಕೊಡ ತುಂಬಿಸಿಕೊಂಡು ಸುಮ್ಮನಾದೆ. ಅವಳು ಯೂನಿಫಾರ್ಮ್ ಸೀರೆ ಒಗೆಯಲು ಪಕ್ಕದ ಮನೆಗೆ ಬಕೆಟ್ ಹಿಡಿದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ನನ್ನ ಗೈಡ್‌ನ ವಿಷಯಕ್ಕೆ ಬರುತ್ತೇನೆ. ಸದಾ ಇಸ್ತ್ರಿ ಮಾಡಿದ ಮನುಷ್ಯ. ಬಹುವಚನದಲ್ಲಿಯೇ ಬೈಯುತ್ತಿದ್ದರು. ಅವರ ಲ್ಯಾಬಿನಲ್ಲಿ ನಾನು ಮೊದಲು ಮಾಡಿದ್ದು ಒಂದೇ ಚೆಂಡಿನ ಪ್ರಯೋಗ. ಪಾರದರ್ಶಕ ಚೆಂಡೊಂದನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅದರ ತಲೆಯಿಂದ ನಾಲ್ಕು ತಂತಿಗಳನ್ನು ಮೇಣದೊಳಕ್ಕೆ ಇಳಿಬಿಟ್ಟಿದ್ದೆ. ತಂತಿಯ ತುದಿ ಎಲ್ಲಿದೆಯೋ ಅಲ್ಲಿಯ ಉಷ್ಣತೆ ಪರದೆಯ ಮೇಲೆ ಬರುತ್ತದೆ. ಎದುರಿಗೆ ಕ್ಯಾಮೆರಾ. ಮೇಣ ಅಂಚಿನಿಂದ ಕರಗುತ್ತಾ ಬರುತ್ತಿತ್ತು. ಬಿಳಿಯ ಗಡ್ಡೆಯೊಂದು ನಡುವೆ ಉಳಿದು ಸಣ್ಣದಾಗುತ್ತಾ ಹೋಗಿ ಕೊನೆಗೆ ಮಾಯವಾಗುತ್ತಿತ್ತು. ನನ್ನ ಸಿಮ್ಯುಲೇಶನ್ ಕೂಡ ಅದನ್ನೇ ತೋರಿಸಿತು. ಗಟ್ಟಿ ಮೇಣ ಇದ್ದಲ್ಲೇ ಇರಬೇಕು, ಕರಗಿದ್ದು ಮಾತ್ರ ಹರಿಯಬೇಕು ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದೆ. ಗ್ರಾಫಿನಲ್ಲಿ ಪ್ರಯೋಗದ ಗೆರೆ, ಲೆಕ್ಕದ ಗೆರೆ ಎರಡೂ ಒಂದರ ಮೇಲೊಂದು ಕೂತವು. ಗೈಡ್ ಅವತ್ತು ನನಗೆ ಕ್ಯಾಂಟೀನಿನಲ್ಲಿ ಮಸಾಲೆದೋಸೆ ಕೊಡಿಸಿದರು. ಆರು ವರ್ಷದಲ್ಲಿ ಅದೊಂದೇ ದೋಸೆ.

ಆಮೇಲೆ ನಿಜವಾದ ಟ್ಯಾಂಕು. ಬೇಗೂರಿನ ದಾರಿಯಲ್ಲಿ ಹಾಡಿಯ ಮಕ್ಕಳು ಉಳಿದು ಓದುವ ಒಂದು ಆಶ್ರಮ ಶಾಲೆಯಿದೆ. ಅದರ ಮಹಡಿಯ ಮೇಲೆ ಒಂದು ಟ್ಯಾಂಕು ಕೂರಿಸಿ, ಮೇಣದ ಚೆಂಡುಗಳನ್ನು ತುಂಬಿ, ನೀರು ಒಳಗೆ ಹೋಗುವಲ್ಲಿ ಮತ್ತು ಹೊರಗೆ ಬರುವಲ್ಲಿ ಮಾತ್ರ ಉಷ್ಣತೆ ಅಳೆಯುತ್ತಿದ್ದೆವು. ಎರಡೂ ಸಮವಾದರೆ ಒಳಗಿನ ಮೇಣ ಪೂರ್ತಿ ಕರಗಿದೆ ಎಂದರ್ಥ. ಮಕ್ಕಳಿಗೆ ಬೆಳಿಗ್ಗೆ ಬಿಸಿನೀರು ಸಿಕ್ಕಿತು. ನನಗೆ ಸಿಕ್ಕಿದ್ದು ತಲೆನೋವು. ನನ್ನ ಸಿಮ್ಯುಲೇಶನ್ ಪ್ರಕಾರ ಮಧ್ಯಾಹ್ನ ಮೂರು ಗಂಟೆಗೆ ಕರಗಿ ಮುಗಿಯಬೇಕಿದ್ದ ಮೇಣ ಒಂದೂವರೆಗೆಲ್ಲ ಕರಗಿ ಕೂತಿರುತ್ತಿತ್ತು. ಒಂದು ದಿನವಲ್ಲ, ಪ್ರತಿದಿನ.

ಮೊದಲು ಅಳೆಯುವ ಉಪಕರಣವನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉಪಕರಣ ಬದಲಾಯಿಸಿದರೂ ಒಂದೂವರೆಯೇ. ಮೇಣ ಮಾರಿದವನನ್ನು ಬೈದೆ. ಮೋಡವನ್ನು, ಶಾಲೆಯ ವಾರ್ಡನ್‌ರನ್ನು, ಪೈಪಿನ ಕೆಲಸದವರನ್ನು ಬೈದೆ. ಬೈಯಲು ಯಾರೂ ಉಳಿಯದಿದ್ದಾಗ ಗೈಡ್‌ನ ಹತ್ತಿರ ಹೋದೆ.

"ಲೆಕ್ಕದಲ್ಲಿ ಒಂದು ಸ್ಥಿರಾಂಕ ಇದೆಯಲ್ಲ ಮೇಡಂ, ಅದನ್ನ ಸ್ವಲ್ಪ ತಿರುಗಿಸಿ. ಟ್ಯಾಂಕಿಗೆ ಹೊಂದೋವರೆಗೂ ತಿರುಗಿಸಿ," ಎಂದರು. "ನಂಬರ್ ನಮ್ಮ ಮಾತು ಕೇಳಬೇಕು. ನೀವು ನಂಬರ್ ಮಾತು ಕೇಳ್ತಾ ಕೂತಿದ್ದೀರಿ."

ತಿರುಗಿಸಿದೆ. ನಾಚಿಕೆ ಬಿಟ್ಟು ತಿರುಗಿಸಿದೆ. ಟ್ಯಾಂಕಿಗೆ ಹೊಂದಿಸಿದರೆ ಲ್ಯಾಬಿನ ಚೆಂಡಿಗೆ ಹೊಂದುತ್ತಿರಲಿಲ್ಲ, ಅದಕ್ಕೆ ಹೊಂದಿಸಿದರೆ ಇದಕ್ಕೆ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನೋಂದಣಿಯ ಅವಧಿಯನ್ನು ಅದಾಗಲೇ ಎರಡು ಸಲ ವಿಸ್ತರಿಸಿಕೊಂಡಿದ್ದೆ. ಮೂರನೆಯದಕ್ಕೆ ಅವಕಾಶವಿರಲಿಲ್ಲ. ಆ ಜೂನ್ ಮುಗಿಯುವುದರೊಳಗೆ ಥೀಸಿಸ್ ಒಪ್ಪಿಸದಿದ್ದರೆ ಆರು ವರ್ಷ ನೀರಲ್ಲಿ ಮಾಡಿದ ಹೋಮ. "ಹಾಗಾದ್ರೆ ಟ್ಯಾಂಕಿನ ಅಧ್ಯಾಯ ಕಿತ್ತು ಬಿಸಾಕಿ. ಅಲ್ಲಿ ಬಿಸಿನೀರು ಬಂತೋ ಬಿಡ್ತೋ ಯಾರು ಕೇಳ್ತಾರೆ?" ಎಂದರು ಗೈಡ್. ಅವರ ಮುಖಕ್ಕೆ ಫೈಲು ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಆಗಲಿ ಸಾರ್ ಅಂದೆ.

ಟ್ಯಾಂಕಿನ ಮೇಲಿಟ್ಟಿದ್ದ ಉಪಕರಣ ಬಿಚ್ಚಿಕೊಂಡು ಬರಲು ಒಂದು ಗುರುವಾರ ಬೆಳಿಗ್ಗೆ ಹೊರಟೆ. ಗುರುವಾರ ಅಕ್ಕನ ಲಸಿಕೆಯ ದಿನ. ಇಬ್ಬರ ದಾರಿಯೂ ಒಂದೇ ಆದ್ದರಿಂದ, ಬೇರೆ ವಿಧಿಯಿಲ್ಲದೆ, ಒಂದೇ ಜೀಪಿನಲ್ಲಿ ಕೂತೆವು. ದಾರಿಯಲ್ಲಿ ಅವಳು ಆರೋಗ್ಯ ಕೇಂದ್ರದ ಮುಂದೆ ಜೀಪು ನಿಲ್ಲಿಸಿ ಲಸಿಕೆಯ ಡಬ್ಬಿ ತರಲು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನೇ ಇಳಿದು ಹೋದೆ.

ಅಕ್ಕ ಮೇಜಿನ ಮೇಲೆ ನಾಲ್ಕು ಐಸ್‌ಪ್ಯಾಕ್‌ಗಳನ್ನು ಸಾಲಾಗಿ ಮಲಗಿಸಿ, ಕೈಕಟ್ಟಿ ನಿಂತಿದ್ದಳು. ಚಪ್ಪಟೆಯಾದ ಪ್ಲಾಸ್ಟಿಕ್ ಡಬ್ಬಿಗಳು, ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ನೀರು. ಮೇಲೆ ಇಬ್ಬನಿ ಕೂತಿತ್ತು.

"ಏನಿದು ಪೂಜೆ? ಡಬ್ಬಿಗೆ ಹಾಕಿಕೊಂಡು ಬಾ, ಜೀಪು ಕಾಯ್ತಿದೆ," ಅಂದೆ.

"ಓದ್ರೆ ಓಗ್ಲಿ. ಕಲ್ಲಂಗಿರೋದ ಅಂಗೇ ಮಡಗುದ್ರೆ ಲಸಿಕೆ ಎಪ್ಪುಗಟ್ಟಿ ಕೆಟ್ಟೋಯ್ತದೆ. ಇಂಜಿನಿಯರಮ್ಮಂಗೆ ಅಷ್ಟೂ ತಿಳೀದಾ?"

"ಎಷ್ಟು ಹೊತ್ತು ಇಡಬೇಕು?"

"ಒತ್ತೆಲ್ಲ ನಂಗೊತ್ತಿಲ್ಲ. ಬ್ಯಾಸ್ಗೇಲಿ ಒಂದು, ಚಳೀಲಿ ಒಂದು." ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಸದ್ದಿಲ್ಲ. ಮತ್ತೆ ಇಟ್ಟಳು.

ಅಳತೆಯಿಲ್ಲದ ಈ ಕೆಲಸ ನೋಡಿ ನನಗೆ ಮೈ ಉರಿಯಿತು. ಥರ್ಮಾಮೀಟರ್ ಇಲ್ಲವೇ, ಗಡಿಯಾರ ಇಲ್ಲವೇ, ನಿಮ್ಮ ಇಲಾಖೆಯೇ ಇಷ್ಟು ಎಂದೆಲ್ಲ ಅಂದೆ. ಅಲ್ಲಿದ್ದ ಫಾರ್ಮಸಿಯವರು ತಲೆ ತಗ್ಗಿಸಿಕೊಂಡು ರಿಜಿಸ್ಟರ್ ಬರೆಯತೊಡಗಿದರು. ಅಕ್ಕ ಇನ್ನೊಮ್ಮೆ ಒಂದನ್ನು ಎತ್ತಿ ಅಲ್ಲಾಡಿಸಿದಳು. ಈ ಸಲ ಅವಳ ಮುಖ ಬದಲಾಯಿತು. ಆ ಐಸ್‌ಪ್ಯಾಕನ್ನು ನನ್ನ ಕಿವಿಗೆ ಒತ್ತಿದಳು. ತಣ್ಣಗೆ ಕೊರೆಯಿತು.

"ಕೇಳುಸ್ತಾ? ಗಡ್ಡೆ ಗೋಡೆ ಬುಡ್ತು. ಸುತ್ತ ಒಂದೀಟು ನೀರಾದ್ರೆ ಸಾಕು, ಅದು ಒಳಗೇ ಅತ್ತಿಂದಿತ್ತ ಓಡಾಡ್ತದೆ. ಓಡಾಡ್ದೆ ಇನ್ನೇನು, ಯಾರಾದ್ರೂ ಒಳೀಕೋಗಿ ಕಟ್ಟಾಕವ್ರಾ ಅದ?"

ಒಳಗೆ ಗಡ್ಡೆ ಗೋಡೆಗೆ ಬಡಿಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಆ ಡಬ್ಬಿ ಹಿಡಿದುಕೊಂಡೇ ನಿಂತೆ. ಲ್ಯಾಬಿನ ಚೆಂಡಿನೊಳಗೆ ಬಿಳಿಯ ಗಡ್ಡೆ ನಡುವೆ ನಿಂತದ್ದನ್ನು ನಾನು ಕ್ಯಾಮೆರಾದಲ್ಲಿ ನೂರು ಸಲ ನೋಡಿದ್ದೆ. ಕರಗಿದ ಮೇಣಕ್ಕಿಂತ ಗಟ್ಟಿ ಮೇಣ ಭಾರ. ಅದು ಕೆಳಗೆ ಬೀಳಬೇಕಿತ್ತು. ಏಕೆ ಬೀಳಲಿಲ್ಲ, ಯಾರು ಅದನ್ನು ಹಿಡಿದುಕೊಂಡಿದ್ದಾರೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಹಿಡಿದುಕೊಂಡಿದ್ದವಳು ನಾನೇ. ಉಷ್ಣತೆ ಅಳೆಯಲೆಂದು ನಾನು ಇಳಿಬಿಟ್ಟ ನಾಲ್ಕು ತಂತಿಗಳು ಗಡ್ಡೆಯನ್ನು ನಡುವೆ ನೇತುಹಾಕಿದ್ದವು. ಸಿಮ್ಯುಲೇಶನ್ನಿಗೂ ಗಡ್ಡೆ ಅಲುಗಬಾರದೆಂದು ಹೇಳಿಕೊಟ್ಟಿದ್ದೆ. ಅದಕ್ಕೇ ಎರಡೂ ಹೊಂದಿದ್ದವು. ಎರಡೂ ಒಂದೇ ತಪ್ಪು ಮಾಡಿದ್ದವು, ನಾನು ಮಸಾಲೆದೋಸೆ ತಿಂದಿದ್ದೆ. ಟ್ಯಾಂಕಿನ ಚೆಂಡುಗಳಲ್ಲಿ ತಂತಿಯಿರಲಿಲ್ಲ. ಅಲ್ಲಿ ಗಡ್ಡೆ ತಳಕ್ಕೆ ಕುಸಿದು ಬಿಸಿ ಗೋಡೆಗೆ ಮೈಯಾನಿಸಿ ಬೇಗ ಬೇಗ ಕರಗುತ್ತಿತ್ತು.

ಇದು ಹೊಸ ವಿಚಾರವೇನಲ್ಲ. ಪುಸ್ತಕಗಳಲ್ಲಿದೆ. ಓದಿದ್ದೆ ಕೂಡ. ಓದಿದ್ದಕ್ಕೂ ನನ್ನ ಕಣ್ಣೆದುರಿನ ಚೆಂಡಿಗೂ ಸಂಬಂಧವಿದೆಯೆಂದು ಮಾತ್ರ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವಳು ಅಕ್ಕ. ಆ ಕ್ಷಣ ನನಗಾದದ್ದು ಸಂತೋಷ ಎಂದು ಹೇಳಿಕೊಳ್ಳಬಹುದು. ಆದರೆ ಮೊದಲು ಬಂದದ್ದು ಅಸಹ್ಯ. ಇವಳ ಕೈಯಿಂದಲೇ ಬರಬೇಕಿತ್ತೇ ಅನ್ನಿಸಿತು.

"ತಂತಿ," ಎಂದಷ್ಟೇ ನನ್ನ ಬಾಯಿಂದ ಬಂತು.

"ಏನ್ ತಂತಿ?"

"ನನ್ನ ಚೆಂಡೊಳಗೆ ತಂತಿ ಇದೆ. ಗಡ್ಡೆನ ಅದೇ ಹಿಡಿದಿದೆ."

"ಕಿತ್ತಾಕು ಮತ್ತೆ," ಅಂದಳು ಅಕ್ಕ. ಅಷ್ಟೇ. ಐಸ್‌ಪ್ಯಾಕ್‌ಗಳನ್ನು ಒರೆಸಿ ಲಸಿಕೆ ಡಬ್ಬಿಯ ನಾಲ್ಕು ಬದಿಗೆ ಇಳಿಸಿ, ನಡುವೆ ಲಸಿಕೆ ಇಟ್ಟು ಮುಚ್ಚಳ ಹಾಕಿದಳು. ಜೀಪು ಹೋಗಿತ್ತು. ಮುಂದಿನ ಜೀಪು ಬರುವವರೆಗೆ ಮುಕ್ಕಾಲು ಗಂಟೆ ನನ್ನಿಂದಲೇ ತಡವಾಯಿತೆಂದು ಅವಳೂ, ಅವಳಿಂದಲೇ ಎಂದು ನಾನೂ ಜಗಳವಾಡಿದೆವು.

ಶಾಲೆಯ ಮಹಡಿಯಿಂದ ಉಪಕರಣ ಬಿಚ್ಚಲಿಲ್ಲ. ಒಂದು ಚೆಂಡು ಮಾತ್ರ ತಂದೆ. ಮನೆಯಲ್ಲಿ ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದು ಬಂತು. ತಲೆಯೆತ್ತಿದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ.

"ಅಲ್ಲಾಡ್ಸು ಅಲ್ಲಾಡ್ಸು. ಅಳತೆ ಇಲ್ದಿದ್ ಇಲಾಖೇದು ಕಣೆ ಅದು," ಎಂದಳು. ಆದರೆ ಆ ದಿನ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಏನೋ ಒಂಥರಾ ಖುಷಿಯಿತ್ತು. ಅದು ನನಗೆ ಖಾರಕ್ಕಿಂತ ಹೆಚ್ಚು ಉರಿಯಿತು.

ಗಟ್ಟಿ ಮೇಣಕ್ಕೆ ಬೀಳುವ ಸ್ವಾತಂತ್ರ್ಯ ಕೊಟ್ಟು ಲೆಕ್ಕವನ್ನು ಹೊಸದಾಗಿ ಬರೆಯಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅಕ್ಕ ಮಿಕ್ಸಿಯನ್ನು ನಡುಮನೆಗೆ ಒಯ್ದು ಬೇರೆ ಪ್ಲಗ್ಗಿಗೆ ಹಾಕುತ್ತಿದ್ದಳು. ನಾನು ಹೇಳಿರಲಿಲ್ಲ, ಅವಳೂ ಹೇಳಲಿಲ್ಲ. ಪರದೆಯ ಮೇಲೆ ಗಡ್ಡೆ ಮೊದಲ ಸಲ ನಿಧಾನವಾಗಿ ತಳಕ್ಕೆ ಇಳಿದು ಕೂತಾಗ ನಾನು ಒಬ್ಬಳೇ ಕುರ್ಚಿಯಿಂದ ಎದ್ದು ನಿಂತೆ. ಕರಗಿ ಮುಗಿದದ್ದು ಮಧ್ಯಾಹ್ನ ಒಂದೂವರೆಗೆ. ಟ್ಯಾಂಕಿನ ಗೆರೆಯ ಮೇಲೆ ಕೂತಿತು. ತಂತಿ ಹಿಡಿದ ಗಡ್ಡೆಯ ಲೆಕ್ಕವೂ ಅದರಲ್ಲೇ ಬಂತು, ಲ್ಯಾಬಿನ ಗೆರೆಗೂ ಕೂತಿತು. ಗೈಡ್ ನೋಡಿ, "ನಾನು ಮೊದಲೇ ಹೇಳಿದ್ದೆ ಟ್ಯಾಂಕಿನ ಅಧ್ಯಾಯ ಮುಖ್ಯ ಅಂತ," ಎಂದರು. ಜೂನ್ ಮುಗಿಯಲು ನಾಲ್ಕು ದಿನ ಇರುವಾಗ ಥೀಸಿಸ್ ಒಪ್ಪಿಸಿದೆ. ಕೃತಜ್ಞತೆಯ ಪುಟದಲ್ಲಿ ಗೈಡ್, ಗೈಡ್‌ನ ಹೆಂಡತಿ, ಪ್ರಿನ್ಸಿಪಾಲರು, ಲ್ಯಾಬಿನ ಅಟೆಂಡರ್, ಆಶ್ರಮ ಶಾಲೆಯ ವಾರ್ಡನ್ ಎಲ್ಲರೂ ಇದ್ದರು. ಕೊನೆಗೆ 'ಮನೆಯವರಿಗೆ' ಎಂದು ಒಂದು ಪದ ಹಾಕಿದೆ. ಮನೆಯಲ್ಲಿದ್ದವಳು ಅವಳೊಬ್ಬಳೇ, ಅರ್ಥ ಮಾಡಿಕೊಳ್ಳಲಿ ಎಂದುಕೊಂಡೆ.

ವೈವಾ ಅಂದರೆ ನಮ್ಮ ಕಡೆ ಒಂಥರಾ ಸಣ್ಣ ಮದುವೆ. ಹೊರರಾಜ್ಯದಿಂದ ಬಂದ ಪರೀಕ್ಷಕರು ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ಯಾರು ಬೇಕಾದರೂ ಕೂತು ಕೇಳಬಹುದು. ಅದಾದ ಮೇಲೆ ಬಂದವರಿಗೆಲ್ಲ ಅಭ್ಯರ್ಥಿಯೇ ಊಟ ಹಾಕಿಸಬೇಕು. ಊಟಕ್ಕೆ ಹೇಳಿದ್ದೆ. ಅಕ್ಕನನ್ನು ಕರೆದಿರಲಿಲ್ಲ. ಹಿಂದಿನ ದಿನ ರಜೆ ಹಾಕಿ ಅವಳು ಕಜ್ಜಾಯ ಮಾಡಿದಳು. ಎಣ್ಣೆಯ ಘಾಟಿಗೆ ನಾನು ಕೆಮ್ಮಿದೆ. "ಯಾಕೆ ಇದೆಲ್ಲ?" ಎಂದು ಕೇಳಿದರೆ, "ದೊಡ್ಡೋರು ಬತ್ತಾರೆ. ಮನೇದು ಅಂತ ಒಂದ್ ಸಿಹಿ ಬ್ಯಾಡ್ವಾ," ಅಂದಳು. ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಸ್ಟೀಲ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮೈಸೂರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಳು. ಆ ಹಸಿರು ಸೀರೆ, ಆ ಡಬ್ಬ. ನನಗೆ ನಾಚಿಕೆಯಾಯಿತು.

ಸಭಾಂಗಣದಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂತಳು. ನಾನು ಚೆನ್ನಾಗಿಯೇ ಹೇಳಿದೆ. ಬೀಳುವ ಗಡ್ಡೆಯ ಚಿತ್ರ ಪರದೆಯ ಮೇಲೆ ಬಂದಾಗ ಪರೀಕ್ಷಕರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ವಯಸ್ಸಾದವರು, ಮೃದು ಮಾತಿನವರು.

"ನಿಮ್ಮ ಪ್ರಯೋಗಕ್ಕೂ ಸಿಮ್ಯುಲೇಶನ್ನಿಗೂ ಹೊಂದಿಕೆಯಾಗಿತ್ತು. ಅಂಥ ಕಡೆ ಯಾರೂ ಅನುಮಾನಪಡುವುದಿಲ್ಲ," ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. "ತಂತಿಯ ಮೇಲೆ ನಿಮಗೆ ಅನುಮಾನ ಬಂದದ್ದು ಹೇಗೆ?"

ಒಂದು ವಾಕ್ಯ ಸಾಕಿತ್ತು. ಕೊನೆಯ ಸಾಲಿಗೆ ಕೈ ತೋರಿಸಿದ್ದರೂ ಸಾಕಿತ್ತು. ಅವರಿಗೆ ಆ ಕಥೆ ಇಷ್ಟವೂ ಆಗುತ್ತಿತ್ತು, ನನಗೆ ಗೊತ್ತಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅದನ್ನು ನಾನು ನೋಡಿದೆ.

"ಈ ವಿಷಯದ ಹಳೆಯ ಲೇಖನಗಳನ್ನು ಮತ್ತೆ ಓದುವಾಗ ಹೊಳೆಯಿತು ಸಾರ್," ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದೆ.

ಬಹಳ ಒಳ್ಳೆಯದು ಎಂದು ಅವರು ಬರೆದುಕೊಂಡರು. ಚಪ್ಪಾಳೆಯಾಯಿತು, ಡಾಕ್ಟರ್ ಎಂದು ಕರೆದರು. ಊಟದ ಹೊತ್ತಿಗೆ ಅಕ್ಕ ಪ್ರತಿ ಎಲೆಗೂ ಹೋಗಿ ತಾನೇ ಕಜ್ಜಾಯ ಬಡಿಸಿದಳು. ಗೈಡ್ ಎರಡು ಕೇಳಿ ಹಾಕಿಸಿಕೊಂಡರು. ನನ್ನ ಎಲೆಗೂ ಹಾಕಿದಳು.

ವಾಪಸು ಬರುವಾಗ ಬಸ್ಸು ಹಂಪಾಪುರ ದಾಟಿತು. ಆಮೇಲೆ ಅಕ್ಕ ಮುಂದಿನ ಸೀಟು ನೋಡಿಕೊಂಡೇ ಕೇಳಿದಳು.

"ಆವಯ್ಯ ಕನ್ನಡದಲ್ಲಿ ಕೇಳಿದ್ರೂ ಅಂಗೇ ಏಳ್ತಿದ್ದಾ?"

ನಾನು ಏನು ಎಂಬಂತೆ ನೋಡಿದೆ.

"ಇಂಗ್ಲೀಸು ನಂಗೆ ಆಡಕ್ಕೆ ಬರಕಿಲ್ಲ. ಕೇಳುದ್ರೆ ತಿಳೀತದೆ. ಇಪ್ಪತ್ತು ವರ್ಸದಿಂದ ಟ್ರೈನಿಂಗಲ್ಲಿ ಅದ್ನೇ ಕೇಳ್ತಿವ್ನಿ." ಖಾಲಿ ಡಬ್ಬದ ಮುಚ್ಚಳ ಗಟ್ಟಿಮಾಡಿದಳು. "ಆಸ್ಪತ್ರೇಲಿ ಎಲ್ಲಾರ್ಗೂ ಏಳ್ಬುಟ್ಟಿವ್ನಿ ಕಣೆ, ನನ್ ತಂಗಿ ಓದ್ನಲ್ಲಿ ನಂದೂ ಒಂದ್ ಮಾತದೆ ಅಂತ. ನಾಳೆ ಕೆಲ್ಸಕ್ಕೋದ್ರೆ ಕೇಳ್ತಾರೆ. ಅದ್ಕೆ ಕೇಳ್ದೆ."

ಬಸ್ಸಿನಲ್ಲಿ ಕ್ಷಮೆ ಕೇಳುವುದು ಕಷ್ಟವೇನಲ್ಲ. ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ನಾನು, "ಹೂಂ, ಕನ್ನಡದಲ್ಲಿ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ," ಎಂದೆ.

"ಸರಿ ಬುಡು," ಅಂದಳು.

ಮುಂದಿನ ವರ್ಗಾವಣೆಯಲ್ಲಿ ಅವಳು ಪಿರಿಯಾಪಟ್ಟಣ ತಾಲ್ಲೂಕು ಕೇಳಿ ಪಡೆದು, ಬೈಲಕುಪ್ಪೆಯ ಹತ್ತಿರ ಮನೆ ಮಾಡಿದಳು. ಜಗಳವಾಡಿ ಹೋಗಲಿಲ್ಲ. ಪಾತ್ರೆಗಳನ್ನು ಸರಿಯಾಗಿ ಎರಡು ಪಾಲು ಮಾಡಿಟ್ಟು, ಬಾಡಿಗೆ ಮನೆಯ ಕರಾರನ್ನು ನನ್ನ ಹೆಸರಿಗೆ ಬರೆಸಿ ಹೋದಳು. ನನಗೆ ಬಡ್ತಿ ಬಂತು. ಆ ಅಧ್ಯಾಯ ಲೇಖನವಾಗಿ ಅಚ್ಚಾಯಿತು. ಅದನ್ನು ಓದಿದವರು ತಂತಿಯ ವಿಚಾರವನ್ನೇ ಮೆಚ್ಚಿ ಬರೆಯುತ್ತಾರೆ, ನಾನು ಧನ್ಯವಾದ ಎಂದು ಉತ್ತರಿಸುತ್ತೇನೆ. ಆ ದಿನ ಅವಳ ಪಾಲನ್ನು ಅವಳಿಗೆ ಕೊಟ್ಟಿದ್ದರೆ ನನ್ನದರಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಕೊಡಲು ಮನಸ್ಸು ಬರಲಿಲ್ಲ.